ತಾನಾಗಿ ಸೇರದ ಡ್ರೈವ್

ಪ್ರೆಸ್ಸಿನ ಮೇಲ್ಮಹಡಿ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನಿಮ್ಮತ್ತೆ ಕೋಲಿಲ್ಲದೆ ನಡೆಯುತ್ತಿದ್ದಾರೆಂದು ಅಮ್ಮ ಹೇಳಿದಳು, ನೆಮ್ಮದಿಯಾಯಿತು. ಅವರ ಆರೈಕೆಯ ಭರದಲ್ಲಿ ನೀನು ಊಟ ಬಿಡಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಾನೊಬ್ಬಳು ಅಷ್ಟು ಚೆನ್ನಾಗಿರಲಿಲ್ಲ, ಅದನ್ನೇ ಬರೆಯುತ್ತಿದ್ದೇನೆ.

ನೀನು ಬಿಟ್ಟ ಕೆಲಸಕ್ಕೆ ನಾನು ಸೇರಿದ ದಿನವೇ ಎಂಟೂ ಕಂಪ್ಯೂಟರುಗಳಲ್ಲಿ, ಪುಸ್ತಕದ ಪುಟಗಳೆಲ್ಲ ಇರುವ ಆ ನೆಟ್‌ವರ್ಕ್ ಡ್ರೈವಿನ ಮೇಲೆ ಕೆಂಪು ಇಂಟು ಗುರುತು. ಲಾಗಿನ್ ಆದ ಕೂಡಲೇ ಅದು ತಾನಾಗಿ ಸೇರಿಕೊಳ್ಳಬೇಕು, ಸೇರುತ್ತಿರಲಿಲ್ಲ. ನಾವಾಗಿ ಒತ್ತಿದರೆ ಮಾತ್ರ ಏನೂ ಅರಿಯದ ಸಾಧುವಿನಂತೆ ತೆರೆದುಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಕರಡು ತಿದ್ದುವ ಮೇಷ್ಟ್ರು ಕನ್ನಡಕ ಹಣೆಗೇರಿಸಿ, "ನಿನ್ನ ತಂಗಿ ಇದ್ದಾಗ ಹೀಗಾಗ್ತಿರ್ಲಿಲ್ಲಮ್ಮ" ಎನ್ನುವರು. ಅಪ್ಪನೂ ಹೀಗೇ ಅಲ್ಲವೇ, "ದೊಡ್ಡವಳನ್ನು ತಿದ್ದಿ ತೀಡಬೇಕು, ಚಿಕ್ಕವಳಿಗೆ ತಾನಾಗಿ ಬರುತ್ತೆ" ಎನ್ನುತ್ತಿದ್ದದ್ದು. ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಸುಟ್ಟಂತಾಗುತ್ತಿತ್ತು.

ಡ್ರೈವನ್ನು ತೆಗೆದು ಮತ್ತೆ ಜೋಡಿಸಿದೆ, ಪಾಸ್‌ವರ್ಡನ್ನು ಹೊಸದಾಗಿ ಉಳಿಸಿದೆ, ಕೇಬಲ್ ಬದಲಿಸಿದೆ. ಮೂರನೇ ವಾರ ಕಣ್ಣಿಗೆ ಬಿತ್ತು: ಕಂಪ್ಯೂಟರ್ ಏಳುವುದು ಬೇಗ, ನೆಟ್‌ವರ್ಕ್ ಬರುವುದು ತಡ. ಮನೆಯವರು ಏಳುವ ಮೊದಲೇ ಕದ ತಟ್ಟಿ, ಯಾರೂ ಇಲ್ಲವೆಂದು ಹಿಂದಿರುಗುವ ನೆಂಟನ ಕಥೆ. ಲಾಗಿನ್ ಆಗುವಾಗ ನೆಟ್‌ವರ್ಕಿಗೆ ಕಾಯುವಂತೆ ಸೆಟ್ಟಿಂಗ್ ಬದಲಿಸಿದೆ. ಮರುದಿನ ಎಂಟರಲ್ಲೂ ಇಂಟು ಇಲ್ಲ.

ಹಾಗಾದರೆ ನೀನು ಹೇಗೆ ನಿಭಾಯಿಸಿದ್ದೆ? ಬಾಗಿಲು ಕಾಯುವವನನ್ನು ಕೇಳಿದೆ. "ಅವರು ದಿನಾ ಅರ್ಧ ಗಂಟೆ ಮೊದ್ಲೇ ಬಂದು, ಒಂದೊಂದನ್ನೂ ಆನ್ ಮಾಡಿ ಏನೋ ಒತ್ತೋರು" ಅಂದ. ಪುಟ್ಟಿ, ಎಷ್ಟು ಖುಷಿಯಾಯಿತೆಂದು ಬರೆಯಲು ನಾಚಿಕೆ. ನಿನಗೂ ಗೊತ್ತಿರಲಿಲ್ಲ! ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಮೂರು ವರ್ಷ, ದಿನಾನೂ? ಯಾರಿಗೂ ಹೇಳ್ದೆ? ಎಂಥಾ ಹುಡುಗಿ" ಎಂದರು. ಸರಿ ಮಾಡಿದವಳು ಎದುರಿಗೇ ನಿಂತಿದ್ದೆ.

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು. ನಿನ್ನ ತಲೆ ಸವರಿದ್ದೇನೆ ಅಂದುಕೋ, ಕಿವಿಯನ್ನೂ ಹಿಂಡಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಹೋದ ತಿಂಗಳು ಪ್ರೆಸ್ಸಿನ ಯಜಮಾನರು ನಿನ್ನನ್ನೂ ಮತ್ತೆ ಕೆಲಸಕ್ಕೆ ಕರೆಸಲೇ ಎಂದು ಕೇಳಿದ್ದರು. "ಅವಳು ಬರೋದಿಲ್ಲ" ಅಂದುಬಿಟ್ಟೆ, ನಿನ್ನನ್ನು ಒಂದು ಮಾತು ಕೇಳದೆ. ಇವತ್ತು ಹೋಗಿ, ಅದು ಸುಳ್ಳೆಂದು ಒಪ್ಪಿಕೊಂಡೆ. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಬಾ ಎನ್ನಲು ನನಗಿನ್ನೂ ಬಾಯಿ ಬರುತ್ತಿಲ್ಲ. ನೀನು ಅವರಿಗೆ ಫೋನ್ ಮಾಡು.