ಕೋಳಿ ಅಂಗಡಿಯ ಅಯಸ್ಕಾಂತ

ಗಿಮ್ಹೆ,
ನವೆಂಬರ್ 30, ಭಾನುವಾರ ಬೆಳಿಗ್ಗೆ

ಪ್ರೀತಿಯ ಸೆಬೊಮ್,

ಕಾಗದದ ಮೊದಲ ಸಾಲಿನಲ್ಲಿ ‘ಹೇಗಿದ್ದೀಯ’ ಎಂದು ಕೇಳಬೇಕು. ಆ ಒಂದು ಸಾಲಿಗಾಗಿಯೇ ಎರಡು ಹಾಳೆ ಹರಿದುಹಾಕಿದೆ. ನಿನ್ನ ಬಲಗೈ ಏನಾಗಿದೆ ಎಂದು ನಿನಗಿಂತ ಮೊದಲು ನೋಡಿದವಳು ನಾನು. ನೀನು ಆಗ ಕಣ್ಣು ಮುಚ್ಚಿಕೊಂಡಿದ್ದೆ. ಆದ್ದರಿಂದ ಕೇಳುವುದಿಲ್ಲ.

ಕಳೆದ ಬುಧವಾರ ಆಸ್ಪತ್ರೆಗೆ ಬಂದಿದ್ದೆ, ಕೈಯಲ್ಲಿ ಕಿತ್ತಳೆ ರಸದ ಬಾಟಲಿಗಳ ಡಬ್ಬ ಹಿಡಿದುಕೊಂಡು. ನಿನ್ನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಿಮ್ಮಮ್ಮ ಕಿಟಕಿಯ ಹತ್ತಿರ ಕೂತು ಸೇಬಿನ ಸಿಪ್ಪೆ ತೆಗೆಯುತ್ತಿದ್ದರು. ನೀನು ಗೆರೆ ಹಾಕಿದ ಪುಸ್ತಕದಲ್ಲಿ ಎಡಗೈಯಿಂದ ಏನೋ ಬರೆಯುತ್ತಿದ್ದೆ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ನಾಲಿಗೆ ಕಚ್ಚಿಕೊಂಡು. ಡಬ್ಬವನ್ನು ನರ್ಸ್ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದೆ. ಹೆಸರಿಲ್ಲದ ಡಬ್ಬವೊಂದು ಬಂದಿದ್ದರೆ ಅದು ನನ್ನದು. ಕುಡಿಯಲು ಮನಸ್ಸಾಗದಿದ್ದರೆ ಚೆಲ್ಲಿಬಿಡು.

ಕಾರ್ಮಿಕ ಇಲಾಖೆಯವರು ನಿನ್ನ ಹೇಳಿಕೆ ಪಡೆಯಲು ಬಂದಿದ್ದರಂತೆ. ಕೆಳಗೆ ರುಜುವಿನ ಪಕ್ಕ ಬಲಗೈ ಹೆಬ್ಬೆಟ್ಟು ಒತ್ತಮ್ಮ ಎಂದರಂತೆ, ಆಮೇಲೆ ನಾಲಿಗೆ ಕಚ್ಚಿಕೊಂಡು ಎಡಗೈದೇ ಸಾಕು ಎಂದರಂತೆ. ಇದನ್ನು ಕ್ಯಾಂಟೀನಿನಲ್ಲಿ ಯಾರೋ ತಮಾಷೆಯ ಹಾಗೆ ಹೇಳಿದರು, ಇಬ್ಬರು ನಕ್ಕರು. ನಾನು ತಲೆ ತಗ್ಗಿಸಿ ಸಾರು ಕುಡಿದೆ.

ನಿನ್ನ ಹೇಳಿಕೆಯ ಎದುರಿಗೆ ಇನ್ನೊಂದು ಹೇಳಿಕೆ ಇದೆ, ಅದನ್ನು ನೀನು ಓದಿದ್ದೀಯೋ ಇಲ್ಲವೋ. ತರಬೇತಿಗೆ ಬಂದ ಹುಡುಗಿ ಯಾರಿಗೂ ತಿಳಿಸದೆ ಮನೆಯಿಂದ ಅಯಸ್ಕಾಂತ ತಂದು ಮಶೀನಿನ ಬಾಗಿಲಿಗೆ ಅಂಟಿಸಿದಳು, ಎಷ್ಟು ಸಲ ಎಚ್ಚರಿಸಿದರೂ ಕೇಳಲಿಲ್ಲ ಎಂದು ಅದರಲ್ಲಿದೆ. ಡಿಸೆಂಬರ್ ಒಂಬತ್ತರ ವಿಚಾರಣೆಯಲ್ಲಿ ಅದೇ ನಿಂತರೆ ತಪ್ಪೆಲ್ಲ ನಿನ್ನದಾಗುತ್ತದೆ. ಕಾರ್ಖಾನೆಯವರು ಕೈ ತೊಳೆದುಕೊಳ್ಳುತ್ತಾರೆ, ಶಾಲೆಯವರು ತಲೆ ಅಲ್ಲಾಡಿಸುತ್ತಾರೆ, ನೀನು ಹದಿನೆಂಟಕ್ಕೇ ‘ಹೇಳಿದ ಮಾತು ಕೇಳದೆ ಕೈ ಕಳೆದುಕೊಂಡವಳು’ ಅನ್ನಿಸಿಕೊಳ್ಳುತ್ತೀಯ. ಆ ಹೇಳಿಕೆಯ ಕೆಳಗೆ ಕಲಿಸುವವಳು ಸೊಲ್ ಮಿರಿಮ್ ಎಂದಿದೆ. ಅದು ನನ್ನದೇ ರುಜು, ಪಕ್ಕದ ಹೆಬ್ಬೆಟ್ಟೂ ನನ್ನದೇ.

ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇರೆಯವರು ಓದಬೇಕಾಗಬಹುದು.

ನಮ್ಮಿಬ್ಬರದೂ ಕಸುಬು ಕಲಿಸುವ ಒಂದೇ ಶಾಲೆ. ನಮ್ಮನ್ನು ಇಲ್ಲಿಗೆ ಕಳಿಸಿದ ಗುಕ್ ಮೇಷ್ಟ್ರೂ ಒಬ್ಬರೇ. ಹನ್ನೆರಡು ವರ್ಷದ ಹಿಂದೆ ಹೊಲಿಗೆ ಕಲಿತ ನನ್ನನ್ನು ಕಳಿಸಿದರು, ಈ ಅಕ್ಟೋಬರಿನಲ್ಲಿ ಬೇಕರಿ ಕೆಲಸ ಕಲಿತ ನಿನ್ನನ್ನು. ಕಾರಿನ ಬಾಗಿಲ ಹಿಡಿ ಮಾಡುವ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬ್ರೆಡ್ ಸುಡುವವಳಿಗೆ ಏನು ಕಲಿಸುತ್ತೀರಿ ಎಂದು ನಿಮ್ಮಮ್ಮ ಕೇಳಿದ್ದಕ್ಕೆ ಮೇಷ್ಟ್ರು, ‘ಒಲೆನೂ ಮಶೀನೇ, ಇದೂ ಮಶೀನೇ ಕಣಮ್ಮಾ. ಕಲಿಯೋ ಮನ್ಸೊಂದಿದ್ರೆ ಆಯ್ತು’ ಅಂದರಂತೆ. ನೀನೇ ಅವರ ಧ್ವನಿಯಲ್ಲಿ ಹೇಳಿ ನಗಿಸಿದ್ದೆ. ಶಾಲೆಯ ಗೇಟಿನ ಮೇಲೆ ಕೆಲಸ ಸಿಕ್ಕಿದವರನ್ನು ಅಭಿನಂದಿಸುವ ಬಟ್ಟೆಯ ಬ್ಯಾನರು ಕಟ್ಟಿದರು, ಅದರಲ್ಲಿ ನಿನ್ನ ಹೆಸರೇ ಮೊದಲು. ನಿನ್ನೆ ಬಸ್ಸಿನಲ್ಲಿ ಹೋಗುವಾಗ ನೋಡಿದೆ. ಒಂದು ಮೂಲೆ ಬಿಚ್ಚಿಕೊಂಡಿದೆ, ಇನ್ನೂ ಇಳಿಸಿಲ್ಲ.

ಮೊದಲ ದಿನ ನೀನೇ ಮಾಡಿದ ಕೆಂಪು ಅಲಸಂದೆ ಹೂರಣದ ಬನ್ನು ತಂದಿದ್ದೆ, ಲೈನಿನಲ್ಲಿದ್ದ ಎಲ್ಲರಿಗೂ. ತಾಕ್ ಮೇಸ್ತ್ರಿ ಮೂರು ತಿಂದು, ‘ಏ ಮರಿ, ನಿನ್ ಕೈ ಚಿನ್ನ ಕಣೇ’ ಅಂದ. ಅವನೇ ನಿನ್ನನ್ನು ಏಳನೇ ನಂಬರಿನ ಮಶೀನಿಗೆ ಹಾಕಿದ. ನಾನು ನಿನಗೆ ಕಲಿಸುವವಳು ಎಂದು ಕಾಗದದಲ್ಲಿ ಬರೆದುಕೊಂಡರು. ನನಗೆ ನನ್ನದೇ ಎರಡು ಮಶೀನುಗಳ ಕೆಲಸ ಇತ್ತು. ಊಟಕ್ಕೆ ಹೋಗುವ ದಾರಿಯಲ್ಲಿ ಕಲಿಸುತ್ತಿದ್ದೆ.

ಏಳನೆಯದರಲ್ಲಿ ಹಿಡಿಗಳು ಅಚ್ಚಿಗೆ ಅಂಟಿಕೊಳ್ಳುತ್ತಿದ್ದವು. ಅಂಟಿದಾಗ ಬಾಗಿಲು ತೆಗೆದರೆ ಮಶೀನು ತಾನಾಗಿ ನಿಲ್ಲುತ್ತದೆ, ಕೈಯಿಂದ ಬಿಡಿಸಿ ಬಾಗಿಲು ಮುಚ್ಚಿ ಮತ್ತೆ ಶುರುಮಾಡಬೇಕು. ಪ್ರತಿ ಸಲ ಎರಡು ನಿಮಿಷ ಹೋಗುತ್ತದೆ. ಆ ಎರಡು ನಿಮಿಷ ಉಳಿಸುವ ಉಪಾಯ ನನಗೆ ಲೈನಿನಲ್ಲಿ ನನಗಿಂತ ಹಳಬಳಾದ ಅಕ್ಕ ಕಲಿಸಿದ್ದಳು, ಅವಳಿಗೆ ಅವಳಿಗಿಂತ ಹಳಬಳು. ಬಾಗಿಲ ಸೆನ್ಸರಿನ ಮೇಲೆ ಒಂದು ಅಯಸ್ಕಾಂತ ಇಟ್ಟರೆ ಸಾಕು, ತೆರೆದ ಬಾಗಿಲನ್ನೂ ಮುಚ್ಚಿದ್ದು ಎಂದು ಮಶೀನು ನಂಬುತ್ತದೆ. ನಿನ್ನ ಎರಡನೇ ವಾರ ನನ್ನ ಅಯಸ್ಕಾಂತ ನಿನ್ನ ಕೈಯಲ್ಲಿಟ್ಟೆ. ಫ್ರಿಜ್ಜಿಗೆ ಅಂಟಿಸಲು ಅಂತ ಹುರಿದ ಕೋಳಿಯ ಅಂಗಡಿಯವರು ಹಂಚುತ್ತಾರಲ್ಲ, ಅಂಥದು. ಹಳದಿ ಕೋಳಿಯ ಚಿತ್ರ, ಅರ್ಧ ಅಳಿಸಿದ ಫೋನ್ ನಂಬರು. ನೀನು ಕೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ.

‘ಅಕ್ಕಾ, ಬಾಗ್ಲು ತೆಗ್ದ್ರೆ ನಿಲ್ಲಲಿ ಅಂತಾನೇ ಅಲ್ವಾ ಅದನ್ನ ಮಾಡಿರೋದು?’

‘ಹೌದಮ್ಮಾ, ನೀನೊಬ್ಳೇ ಜಾಣೆ. ನಾವೆಲ್ಲ ಇಷ್ಟ್ ವರ್ಷ ಕತ್ತೆ ಕಾಯ್ತಿದ್ವಿ’ ಅಂದೆ ನಾನು. ಸುತ್ತಲಿದ್ದವರು ನಕ್ಕರು. ನೀನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಆ ದಿನ ನಿನ್ನ ತರಬೇತಿ ಪುಸ್ತಕದಲ್ಲಿ ‘ಇಂದು ಕಲಿತದ್ದು’ ಎಂಬ ಜಾಗದಲ್ಲಿ ನೀನು ಬರೆದೆ: ‘ಮಿರಿಮ್ ಅಕ್ಕ ಅಯಸ್ಕಾಂತ ಇಡುವುದನ್ನು ಕಲಿಸಿದರು. ಬಾಗಿಲು ತೆರೆದಿದ್ದರೂ ಮಶೀನು ನಡೆಯುತ್ತದೆ. ನನಗೆ ಹೆದರಿಕೆ. ಅಭ್ಯಾಸವಾಗುತ್ತದೆ ಎಂದರು.’ ವಾರದ ಕೊನೆಗೆ ರುಜು ಹಾಕಲು ಕೂತವಳು ಅದನ್ನು ಓದಿದೆ. ಹಾಳೆ ಹರಿದು ‘ಕೆಲಸದ ಜಾಗವನ್ನು ಶುಚಿಯಾಗಿಟ್ಟುಕೊಳ್ಳುವುದು’ ಎಂದು ನಿನ್ನ ಕೈಯಿಂದ ಬರೆಸಿದೆ. ಹರಿದ ಹಾಳೆಯನ್ನು, ಕೆಟ್ಟ ಮಾಲು ಪುಡಿಮಾಡಿ ಮತ್ತೆ ಅಚ್ಚಿಗೆ ಕಳಿಸುವ ಮಶೀನಿಗೆ ಹಾಕಿದೆ. ಅದು ಈಗ ಯಾವುದೋ ಕಾರಿನ ಬಾಗಿಲ ಹಿಡಿಯಲ್ಲಿ ಇರಬೇಕು. ನಿನ್ನ ಬಳಿ ಇದ್ದ ಒಂದೇ ಸಾಕ್ಷಿಯನ್ನು ನಾನು ನಾಶಮಾಡಿದೆ, ಸೆಬೊಮ್.

ನವೆಂಬರ್ ಮೊದಲ ವಾರ ಗುಕ್ ಮೇಷ್ಟ್ರು ನೋಡಿಹೋಗಲು ಬಂದರು. ಕಾರ್ಖಾನೆಯವರು ನಿನಗೆ ಹೊಸ ಅಂಗಿ ಹಾಕಿಸಿ, ಪೊರಕೆ ಕೊಟ್ಟು ಪ್ಯಾಕಿಂಗ್ ಜಾಗದಲ್ಲಿ ನಿಲ್ಲಿಸಿದ್ದರು. ನೀನು ಅವರಿಗೆ ಶಾಲೆಗೆ ವಾಪಸು ಬರುತ್ತೇನೆ ಎಂದೆ. ಅವರು ಅತ್ತಿತ್ತ ನೋಡಿ, ‘ನೀನು ವಾಪಸ್ ಬಂದ್ರೆ ಮುಂದಿನ್ ವರ್ಷ ಇವ್ರು ನಮ್ ಮಕ್ಳನ್ನ ತಗೊಳಲ್ಲ ಕಣಮ್ಮ. ನಿನ್ ಹಿಂದೆ ಬರೋರ ದಾರಿ ಮುಚ್ತೀಯಾ?’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಮಿರಿಮ್, ನೀನೇ ಹೇಳಮ್ಮ. ನೀನು ನಿಭಾಯಿಸ್ಲಿಲ್ವಾ?’ ಅಂದರು. ನೀನು ನನ್ನ ಮುಖ ನೋಡಿದೆ. ‘ನಾನೂ ಮೊದಲ್ ತಿಂಗ್ಳು ಟಾಯ್ಲೆಟ್ಟಲ್ಲಿ ಕೂತು ಅತ್ತಿದ್ದೆ ಸಾರ್, ಸರಿಹೋಗತ್ತೆ’ ಅಂದೆ ನಾನು. ಅವತ್ತು ‘ಕರ್ಕೊಂಡ್ ಹೋಗಿ ಸಾರ್’ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು.

ಇನ್ನು ಆ ಗುರುವಾರ. ದೇಶದ ಮಕ್ಕಳೆಲ್ಲ ಕಾಲೇಜು ಪ್ರವೇಶದ ಪರೀಕ್ಷೆ ಬರೆಯುವ ದಿನ. ಅವರಿಗೆ ರಸ್ತೆ ಬಿಟ್ಟುಕೊಡಬೇಕೆಂದು ನಮ್ಮ ಕಾರ್ಖಾನೆಯೂ ಒಂದು ಗಂಟೆ ತಡವಾಗಿ ತೆರೆಯಿತು. ಬರುವಾಗ ಬಸ್ ನಿಲ್ದಾಣದಲ್ಲಿ ನಿನ್ನ ವಯಸ್ಸಿನ ಹುಡುಗಿಗೆ ಅವಳಮ್ಮ ಮಫ್ಲರ್ ಸುತ್ತುತ್ತಿದ್ದದ್ದನ್ನು ನೀನು ನನಗೆ ತೋರಿಸಿದೆ. ಒಳಗೆ ಬಂದರೆ ತಾಕ್ ಕೂಗಾಡುತ್ತಿದ್ದ: ‘ಪರೀಕ್ಷೆ ಯಾರ್ದೋ, ಲೇಟು ನಮ್ಗಾ? ಒಂದ್ ಗಂಟೆ ಮಾಲು ಆಕಾಶದಿಂದ ಉದುರತ್ತಾ? ಸಂಜೆಯೊಳ್ಗೆ ಲೆಕ್ಕ ಸರಿಹೋಗ್ಬೇಕು!’ ಎಲ್ಲರೂ ಅವರವರ ಅಯಸ್ಕಾಂತ ಹೊರಗೆ ತೆಗೆದರು. ನೀನು ತೆಗೆಯಲಿಲ್ಲ. ನಾನು ಬಂದು ನಿನ್ನ ಜೇಬಿನಿಂದ ತೆಗೆದು ನಾನೇ ಇಟ್ಟೆ. ‘ಇವತ್ತೊಂದಿನ’ ಅಂದೆ.

ನಮ್ಮ ತಲೆಯ ಮೇಲೆ ದಿನವಿಡೀ ವಿಮಾನಗಳು ಹಾರುತ್ತವೆ, ಆ ಸದ್ದು ನಮಗೆ ಕೇಳಿಸುವುದೂ ಇಲ್ಲ. ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅವು ನಿಂತವು. ಪರೀಕ್ಷೆಯ ಮಕ್ಕಳಿಗೆ ಕೇಳಿ ಉತ್ತರ ಬರೆಯಬೇಕಾದ ಇಂಗ್ಲಿಷ್ ಮಾತು ಸರಿಯಾಗಿ ಕೇಳಲಿ ಎಂದು ಅಷ್ಟು ಹೊತ್ತು ಒಂದು ವಿಮಾನವನ್ನೂ ಹಾರಿಸುವುದಿಲ್ಲ. ಆಗ ಗಡಿಯಾರದಲ್ಲಿ ಒಂದೂಕಾಲು. ಏಳನೇ ನಂಬರಿನ ಕಡೆಯಿಂದ ಮೊದಲು ಕೇಳಿಸಿದ್ದು ಕೂಗಲ್ಲ. ‘ಅಕ್ಕಾ’ ಎಂದು ಮೆಲ್ಲಗೆ ಕರೆದೆ ನೀನು, ಏನೋ ಕೇಳುವವಳ ಹಾಗೆ. ಬೇರೆ ದಿನವಾಗಿದ್ದರೆ ಆ ಸದ್ದಿನಲ್ಲಿ ನನಗೆ ಕೇಳಿಸುತ್ತಲೇ ಇರಲಿಲ್ಲ. ನಿನ್ನ ಕೈ ಮೇಲೆ ಮುಚ್ಚಿಕೊಂಡ ಅಚ್ಚು ಬಿಡಿಸಲು ನಾಲ್ಕು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ನೀನು ನನ್ನ ಹೆಗಲಿಗೆ ತಲೆ ಆನಿಸಿಕೊಂಡಿದ್ದೆ.

ಆಂಬುಲೆನ್ಸ್ ಗೇಟು ದಾಟುವ ಮೊದಲೇ ತಾಕ್ ಅಯಸ್ಕಾಂತ ಕಿತ್ತು ನಿನ್ನ ಊಟದ ಚೀಲದಲ್ಲಿ ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಶುಕ್ರವಾರ ನನ್ನನ್ನು ಕರೆದು, ‘ಕಲಿಸೋಳು ನೀನು, ರುಜು ನಿಂದು. ಹುಡ್ಗಿ ತಪ್ಪಲ್ಲ ಅಂದ್ರೆ ಯಾರ್ ತಪ್ಪಮ್ಮ? ಜೈಲಿಗ್ ಹೋಗ್ತೀಯಾ?’ ಅಂದ. ಗುಕ್ ಮೇಷ್ಟ್ರೂ ಫೋನು ಮಾಡಿದರು. ಅತ್ತರು, ಸುಳ್ಳಲ್ಲ. ಅಳುತ್ತಳುತ್ತಲೇ ಮುಂದಿನ ವರ್ಷದ ಮಕ್ಕಳ ಮಾತು ತೆಗೆದರು. ಅವರು ಬರೆದಿಟ್ಟಿದ್ದ ಹೇಳಿಕೆಗೆ ನಾನು ರುಜು ಹಾಕಿ ಹೆಬ್ಬೆಟ್ಟು ಒತ್ತಿದೆ.

ಆ ಅಯಸ್ಕಾಂತ ಈಗ ಇಲಾಖೆಯವರ ಬಳಿ ಇದೆ. ಅವರಿಗೆ ಹೇಳು: ಅದರ ಮೇಲೆ ನಂಬರಿರುವ ಅಂಗಡಿ ನನ್ನ ಹಳೇ ಬಾಡಿಗೆ ಕೋಣೆಯ ಕೆಳಗಿತ್ತು, ಮುಚ್ಚಿ ಒಂಬತ್ತು ವರ್ಷವಾಯಿತು. ಆಗ ನಿನಗೆ ಒಂಬತ್ತು ವರ್ಷ, ನೀನಿದ್ದದ್ದು ಬೇರೆ ಊರಿನಲ್ಲಿ. ಅದನ್ನು ನೀನು ಮನೆಯಿಂದ ತರಲು ಹೇಗೆ ಸಾಧ್ಯ?

ಇಷ್ಟು ಬರೆದು ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನಾನು ಎಷ್ಟು ಸಲೀಸಾಗಿ ಸುಳ್ಳು ಬರೆಯಬಲ್ಲೆ ಎಂದು ನಿನಗೆ ಗೊತ್ತಾಗಲಿ. ನಿನ್ನನ್ನು ಏಳನೇ ನಂಬರಿಗೆ ಹಾಕಿದ್ದು ತಾಕ್ ಅಲ್ಲ. ಏಳು ಅಲ್ಲಿಯವರೆಗೆ ನನ್ನ ಮಶೀನು. ಆಗಸ್ಟಿನಲ್ಲಿ ಎರಡು ಸಲ ನಾನು ಒಳಗೆ ಕೈ ಹಾಕಿದ್ದಾಗ ಅಚ್ಚು ಅರ್ಧ ಮುಚ್ಚಿ ನಿಂತಿತ್ತು. ಆಮೇಲೆ ಆ ಮಶೀನಿನ ಹತ್ತಿರ ಹೋಗಲು ನನಗೆ ಹೆದರಿಕೆ. ಯಾರಿಗಾದರೂ ದಾಟಿಸಬೇಕೆಂದು ಕಾಯುತ್ತಿದ್ದೆ, ಅಷ್ಟರಲ್ಲಿ ನೀನು ಬನ್ನು ಹಿಡಿದುಕೊಂಡು ಬಂದೆ. ‘ಏಳು ಸುಲಭ, ಹೊಸಬ್ರಿಗೆ ಅದೇ ಸರಿ’ ಎಂದು ತಾಕ್‌ಗೆ ಹೇಳಿದವಳು ನಾನು. ಅವನು ಹೂಂ ಅಂದ, ಅಷ್ಟೆ. ಆಮೇಲೆ ನಾನು ನಿನ್ನ ಇನ್ನೊಂದು ಬನ್ನು ತಿಂದೆ.

ಕ್ಷಮಿಸು ಎಂದು ಬರೆಯಲು ಹಲವು ಸಲ ಪೆನ್ನು ಎತ್ತಿದೆ. ನೀನು ಕ್ಷಮಿಸಿದರೆ ನನಗೆ ಹಗುರವಾಗುತ್ತದೆ; ಹಗುರವಾದರೆ ಮತ್ತೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಆದ್ದರಿಂದ ಕ್ಷಮಿಸಬೇಡ. ಈ ಕಾಗದವನ್ನು ಮೊದಲು ನಿಮ್ಮಮ್ಮನಿಗೆ ಓದಲು ಕೊಡು. ಅವರು ನನ್ನನ್ನು ಬಯ್ಯಲಿ. ಆಮೇಲೆ ಒಂಬತ್ತನೇ ತಾರೀಕು ಇಬ್ಬರೂ ಇದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ.

ಎಡಗೈ ಬರವಣಿಗೆ ಬಿಡಬೇಡ. ಬಾಗಿಲ ಸಂದಿಯಿಂದ ನೋಡಿದೆನಲ್ಲ, ನೀನು ಆಗಲೇ ಗೆರೆ ಬಿಡದೆ ಬರೆಯುತ್ತಿದ್ದೀಯ.

ನಿನ್ನಿಂದ ಅಕ್ಕ ಅನ್ನಿಸಿಕೊಂಡ
ಸೊಲ್ ಮಿರಿಮ್

ಇನ್ನೊಂದು ಮಾತು: ವಿಚಾರಣೆಗೆ ನನ್ನನ್ನೂ ಕರೆದಿದ್ದಾರೆ. ಎದುರಿಗೆ ತಾಕ್ ಕೂತಿರುತ್ತಾನೆ, ಪಕ್ಕದಲ್ಲಿ ಗುಕ್ ಮೇಷ್ಟ್ರು. ನನ್ನ ಧೈರ್ಯ ನನಗೆ ಗೊತ್ತು. ಅಲ್ಲಿ ನಾನು ಈ ಕಾಗದ ನನ್ನದಲ್ಲ ಎಂದರೂ ಅನ್ನಬಹುದು. ಅಂದರೆ ನನ್ನ ಮುಖ ನೋಡಬೇಡ, ಈ ಹಾಳೆಯ ಹಿಂಬದಿ ತಿರುಗಿಸಿ ಮೇಜಿನ ಮೇಲಿಡು. ಕೆಂಪು ಶಾಯಿ ಹಚ್ಚಿ ಗುರುತು ಒತ್ತಿದ್ದೇನೆ. ಹೆಬ್ಬೆಟ್ಟು ಮಾತ್ರ ಸಾಲದೆಂದು ಹತ್ತೂ ಬೆರಳು ಒತ್ತಿದ್ದೇನೆ. ನನಗೆ ಹತ್ತೂ ಇವೆ.