ದಿನೇಶ ನನಗೆ ಹೇಳದ ಅರ್ಧ

ಊರಿಗೆಲ್ಲ ಅಣ್ಣನಾಗಿದ್ದು ಹೇಳದೆ ಕೇಳದೆ ಹೊರಟುಬಿಟ್ಟ ಸಂಜೀವಣ್ಣನಿಗೆ,

ನೀವಿರುವಲ್ಲಿಗೆ ಪತ್ರಿಕೆ ಬರುತ್ತದೋ ಇಲ್ಲವೋ. ಬಂದರೆ ಈ ವಾರದ ನನ್ನ ಹಾಸ್ಯ ಅಂಕಣ ನಿಮಗೇ. ವಿಷಯ ಮಾತ್ರ ಅತ್ಯಂತ ಗಂಭೀರವಾದದ್ದು: ನನಗೆ ಹೊಟ್ಟೆಕಿಚ್ಚು. ಆರಿಸಲು ನಿಮ್ಮ ಅಗ್ನಿಶಾಮಕ ಠಾಣೆಯ ಗಾಡಿಯೂ ಸಾಲದು.

ಸುಳ್ಯದ ಹೋಟೆಲಿನಲ್ಲಿ ನಮ್ಮ ಮೂಲೆಯ ಮೇಜು ನೆನಪುಂಟಲ್ಲ? ಎಂಥ ಅವಘಡಕ್ಕೆ ಹೋಗಿಬಂದರೂ ಠಾಣೆಯವರು ಅಲ್ಲಿ ಚಾ ಕುಡಿದೇ ಮನೆಗೆ ಹೋಗಬೇಕು, ಕುಡಿಯುವಾಗ ನಡೆದದ್ದನ್ನು ನಗು ಬರುವ ಹಾಗೆ ಹೇಳಬೇಕು. ಕಾನೂನು ನಿಮ್ಮದು. "ನಗಾಡದೆ ಹೋದ್ರೆ ಅದು ಒಟ್ಟಿಗೇ ಬಂದು ಹಾಸಿಗೆಯಲ್ಲಿ ಮಲಗ್ತದೆ ಮಾರಾಯ" ಎನ್ನುತ್ತಿದ್ದಿರಿ. ಆ ವಿದ್ಯೆಯಲ್ಲಿ ನಿಮ್ಮ ಕೈಕೆಳಗಿನ ದಿನೇಶನನ್ನು ಮೀರಿಸುವವರಿರಲಿಲ್ಲ. ಕಡಬದ ಆಚೆ ಕೋಳಿ ತುಂಬಿದ ಪಿಕಪ್ ಹೊಳೆಗೆ ಬಿದ್ದಾಗ ಒಂದು ಹುಂಜ ನಿಮ್ಮ ಹೆಲ್ಮೆಟ್ಟಿನ ಮೇಲೆ ಕೂತು ಇಡೀ ಕಾರ್ಯಾಚರಣೆಯ ಮೇಲ್ವಿಚಾರಣೆ ಮಾಡಿತಲ್ಲ, ಆ ಕಥೆ ಅವನದೇ. ಚಾಲಕ ತೀರಿಹೋದದ್ದು ಎಲ್ಲರಿಗೂ ಗೊತ್ತಿತ್ತು. ನಾವು ಹುಂಜಕ್ಕೆ ನಕ್ಕೆವು. ನಾನು ಅಂಕಣವನ್ನೂ ಬರೆದೆ.

ನಿಮ್ಮ ಉತ್ತರಕ್ರಿಯೆಯ ದಿನ, ಬೊಜ್ಜದ ಊಟದಲ್ಲೇ ಅವನು ಅರ್ಧಕ್ಕೆ ಎದ್ದುಹೋದ. ಆಮೇಲೆ ಮೇಜಿಗೂ ಬರಲಿಲ್ಲ. ನಿದ್ದೆ ಇಲ್ಲ, ಸೈರನ್ ಕೇಳಿದರೆ ಕಿವಿ ಮುಚ್ಚಿಕೊಳ್ಳುವುದು, ಗಾಡಿ ಹತ್ತಲಾರೆನೆಂದು ಠಾಣೆಯಲ್ಲಿ ಫೋನ್ ಎತ್ತುವ ಕೆಲಸ ಕೇಳಿ ಪಡೆದ. ಪುತ್ತೂರಿನ ಡಾಕ್ಟರು, ಕಣ್ಣಾರೆ ಕಂಡ ಆಘಾತ ಮನಸ್ಸಿನಲ್ಲಿ ಉಳಿದು ಬರುವ ಕಾಯಿಲೆ ಇದು, ಆನ್‌ಲೈನಿನಲ್ಲೇ ಚಿಕಿತ್ಸೆ ಉಂಟು ಎಂದರು. ವಾರಕ್ಕೊಂದು ಪಾಠ, ಅದಕ್ಕೆ ಹೋಂವರ್ಕ್, ಗುರುವಾರ ಸಂಜೆ ಪರದೆಯ ಮೇಲೆ ಮೈಸೂರಿನ ಒಬ್ಬ ಮೇಡಂ. ಅಜ್ಜಾವರದ ಅವನ ಮನೆಯಲ್ಲಿ ರೇಂಜ್ ಇಲ್ಲ. ಹಾಗಾಗಿ ಎಲ್ಲಿಗೆ ಬಂದ ಹೇಳಿ? ನನ್ನ ಮನೆಗೆ. ನನ್ನ ವೈಫೈ, ನನ್ನ ಬರೆಯುವ ಕೋಣೆ. ಒಳಗಿನಿಂದ ಚಿಲಕ.

ಮೊದಲ ಗುರುವಾರ ನಾನು ಆ ಕೋಣೆಯ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದೆ.

"ಚಪ್ಪಲಿ ಕಾಲಲ್ಲೇ ಉಂಟಲ್ಲ," ಎಂದಳು ನನ್ನ ಹೆಂಡತಿ. "ಅಲ್ಲಿ ಎಂತ ಮಾಡುದು ನೀವು? ಈಚೆ ಬನ್ನಿ."

ಒಳಗಿನಿಂದ ಒಂದು ನಗುವೂ ಕೇಳಲಿಲ್ಲ, ಸಂಜೀವಣ್ಣ. ನನ್ನೆದುರು ಅಷ್ಟು ಹೊತ್ತು ನಗದೆ ಅವನು ಯಾವತ್ತಾದರೂ ಕೂತದ್ದುಂಟಾ? ಇಸ್ತ್ರಿ ಹಾಕಿದ ಅಂಗಿಯಲ್ಲಿ ಬರುತ್ತಿದ್ದ ಬೇರೆ. ನನ್ನಲ್ಲಿಗೆ ಬನಿಯನ್ನಿನಲ್ಲಿ ಬಂದವನು. ನಿನ್ನೆ ಮೊನ್ನೆ ಪರಿಚಯವಾದವಳಿಗೆ ಕೊಡುವಂಥದ್ದು, ನನಗೆ ಕೊಡದ್ದು, ಅಂಥದ್ದೇನು... ಒಂದು ದಿನ ಕೇಳಿಯೇಬಿಟ್ಟೆ.

"ನಿಮ್ಮತ್ರ ಹೇಳಿದ್ರೆ ನೀವು ಅದಕ್ಕೊಂದು ಬಾಲ ಕಟ್ತೀರಿ ಮಾಷ್ಟ್ರೆ," ಎಂದ. "ಅವರು ಕಟ್ಟುದಿಲ್ಲ."

ಮಳೆ ಬಿಟ್ಟ ಮೇಲೆ ಆ ಮೇಡಂ ಕೊಟ್ಟ ಹೋಂವರ್ಕ್ ಇದು: ಇಷ್ಟು ಕಾಲ ಬಳಸು ದಾರಿ ಹಿಡಿದು ತಪ್ಪಿಸಿಕೊಂಡ, ಪಿಕಪ್ ಬಿದ್ದ ಆ ಹೊಳೆಬದಿಗೇ ಹೋಗುವುದು, ಹೆದರಿಕೆ ಇಳಿಯುವ ತನಕ ನಿಲ್ಲುವುದು, ಬೇಕಾದರೆ ಒಬ್ಬರನ್ನು ಕರೆದುಕೊಳ್ಳುವುದು. ಅಲ್ಲಿ ರೇಂಜ್ ಇಲ್ಲ. ಅವಳು ಬರುವ ಹಾಗಿಲ್ಲ. ನನ್ನ ಸಂತೋಷ ನಿಮಗೆ ಅರ್ಥವಾದೀತು.

"ಬರ್ತೀರಾ? ತಮಾಷೆ ಮಾತ್ರ ಬೇಡ," ಎಂದ.

ಹೊಳೆಬದಿಯಲ್ಲಿ ಅವನ ಅಂಗಿ ಬೆವರಿಗೆ ಒದ್ದೆಯಾಯಿತು, ಬಿಸಿಲೇ ಇರಲಿಲ್ಲ. ಅದು ಆರತೊಡಗಿದ ಮೇಲೆ ಹೇಳಿದ.

"ನಾನು ಇಳಿಯುವಾಗ ಡ್ರೈವರಿಗೆ ಜೀವ ಇತ್ತು. ಮನೆಗೊಂದು ಫೋನ್ ಮಾಡಿ ಕೊಡಿ ಅಂದ. ಮೇಲೆ ಹೋಗಿ ಮಾಡುವ ಅಂದೆ ನಾನು. ಮೇಲೆ ಬರುವಾಗ..."

ಹಗ್ಗದ ಇನ್ನೊಂದು ತುದಿ ನಿಮ್ಮ ಕೈಯಲ್ಲಿತ್ತಂತೆ. ನಿಮಗೆ ಕೇಳಿಸಿತ್ತಾ ಸಂಜೀವಣ್ಣ? ಅದಕ್ಕೇ ಆ ದಿನ ನೀವು ಒಂದರ ಬದಲು ಎರಡು ಚಾ ಕುಡಿದದ್ದಾ?

ನನ್ನ ನಾಲಿಗೆಯ ತುದಿಗೆ ಹುಂಜ ಬಂದು ಕೂತಿತ್ತು. ಓಡಿಸಿದೆ.

ವಾಪಸು ಬರುವಾಗ ರೇಂಜ್ ಸಿಕ್ಕಿದ್ದೇ ತಡ, ಬೈಕ್ ನಿಲ್ಲಿಸಿ ಅವಳಿಗೇ ಫೋನ್. ನಾನು ಕಲ್ಲಿನ ಮೇಲೆ ಕೂತು ಮುಖ ತಿರುಗಿಸಿದೆ. ಆದರೂ ಸ್ಪೀಕರಿನಲ್ಲಿ ಇಬ್ಬರ ಮಾತೂ ಕೇಳಿಸಿತು.

"ಒಬ್ರೇ ಹೋಗಿದ್ರಾ?"

"ಇಲ್ಲ ಮೇಡಂ, ಮಾಷ್ಟ್ರು ಇದ್ರು."

"ಅವ್ರೇನು ಮಾಡಿದ್ರು?"

"ಎಂತ ಮಾಡ್ಲಿಲ್ಲ. ಸುಮ್ಮನೆ ನಿಂತ್ರು."

ನನ್ನ ಬರವಣಿಗೆಯನ್ನೂ ಯಾರೂ ಇಷ್ಟು ಹೊಗಳಿಲ್ಲ. ಆಮೇಲೆ ಎಷ್ಟೋ ಭಾನುವಾರ ಅಲ್ಲೇ ಹೋಗಿ ನಿಂತೆವು. ಕಡೆಕಡೆಗೆ ಅವನು ಅಲ್ಲೇ ಕಡ್ಲೆ ತಿನ್ನುತ್ತಿದ್ದ.

ಈಗ ಸುದ್ದಿ. ಮೊನ್ನೆ ಸೋಮವಾರ ಜಾಲ್ಸೂರಿನ ಕಡೆ ಒಂದು ಕಾರು ಮಗುಚಿತು. ದಿನೇಶ ಗಾಡಿ ಹತ್ತಿದ. ಸಂಜೆ ನೇರ ನಮ್ಮ ಮೇಜಿಗೆ ಬಂದು ಎದುರು ಕೂತ. "ಇವತ್ತು ನಗು ಇಲ್ಲ ಮಾಷ್ಟ್ರೆ, ಆಗಬಹುದಾ?" ಎಂದ. ಪೂರ್ತಿ ಹೇಳಿದ. ಚಾ ತಣ್ಣಗಾಯಿತು.

ಅವಳಿಗೆ ಗುರುವಾರ ಹೇಳುತ್ತಾನಂತೆ. ಹೇಳಲಿ. ಮೊದಲು ಕೇಳಿದ್ದು ನಾನು.

ನಿಮ್ಮ
ಮಾಷ್ಟ್ರು