ಅರ್ಧ ಪಿಯಾಲ ಚಹಾ, ಜೊತೆಗೆ ವಿಟಮಿನ್

ಅಕ್ಟೋಬರ್ 9, ಬೆಳಿಗ್ಗೆ

ಥೈರಾಯ್ಡ್ ಮಾತ್ರೆ ಆಯಿತು. ಬೀದಿಗೆಲ್ಲ ಅಕ್ಕನಾದ ಮಲೋಹತ್ ಓಪಾ ಕೊಟ್ಟ ವಿಟಮಿನ್‌ಗಳೂ ಆದವು — ಕೆಂಪು ಕಬ್ಬಿಣದ್ದು, ಬಿಳಿ ಕ್ಯಾಲ್ಸಿಯಂ. ಎಲ್ಲ ಒಟ್ಟಿಗೆ, ಹಾಲು ಬೆರೆಸಿದ ಶೀರ್‌ಚಾಯ್ ಜೊತೆ. ಓಪಾ ಹೇಳಿಕೊಟ್ಟದ್ದೇ ಹಾಗೆ. ವರ್ಷಗಟ್ಟಲೆ ನರ್ಸ್ ಆಗಿದ್ದವರು, ಈಗ ನಮ್ಮ ಮೊಹಲ್ಲಾದ ಹೆಂಗಸರಿಗೆಲ್ಲ ವಿಟಮಿನ್ ಮಾರುತ್ತಾರೆ. ಅವರಿಗೆ ಗೊತ್ತಿಲ್ಲದ್ದೇನು?

ಮೆಟಬಾಲಿಸಂ ನಿಧಾನವಾಗಿದೆ ಅಂತ ಡಾಕ್ಟರ್. ಅಂದರೆ ಒಳಗಿನ ತಂದೂರ್ ಉರಿಯುತ್ತಿಲ್ಲ, ಹೊಗೆಯಾಡುತ್ತಿದೆ. ಮೈ ಊದಿದೆ, ಕಾಲು ಸದಾ ತಣ್ಣಗೆ. ಅದೆಲ್ಲ ಹಾಳಾಗಲಿ. ದನಿ ಬೇಕು. ಮಾರ್ಗಿಲಾನ್ ಊರಿನ ಮದುವೆಮನೆಗಳಲ್ಲಿ ದೊಯ್ರಾ ತಮಟೆ ಬಡಿದು ಹಾಡುವವಳಿಗೆ ದನಿಯೇ ಇಲ್ಲದಿದ್ದರೆ...

ಅಕ್ಟೋಬರ್ 21

ಓಪಾ ಬಂದಿದ್ದರು. ಹಸಿರು ಚಹಾ ಹುಯ್ದೆ. ಪಿಯಾಲ ಬಟ್ಟಲೊಳಗೆ ಇಣುಕಿ ನಕ್ಕರು.

“ತಳ ಕಾಣೋ ಹಾಗೆ ಹಾಕಿದೀಯ. ಅಷ್ಟು ಇಷ್ಟಾನಾ ನಾನಂದ್ರೆ?”

ಇಷ್ಟವೇ. ಅರ್ಧ ಹಾಕಿದರೆ ತಾನೇ ಮತ್ತೆ ಮತ್ತೆ ಹುಯ್ಯಲಾಗುವುದು. ಅಂಚಿನವರೆಗೆ ತುಂಬುವುದು, ಇನ್ನು ಎದ್ದು ಹೋಗು ಅನ್ನಬೇಕಾದವರಿಗೆ. ಅಮ್ಮ ಹೋದ ಮೇಲೆ ನನಗಿರುವವರು ಇವರೊಬ್ಬರೇ. ಕತ್ತಲಾಗುವವರೆಗೂ ಬಿಡಲಿಲ್ಲ.

ದನಿ ಇನ್ನೂ ಗೊಗ್ಗರು ಅಂತ ಅತ್ತುಬಿಟ್ಟೆ. ಕ್ಯಾಲ್ಸಿಯಂ ಸಾಲದು ಅಂದರು ಓಪಾ. ಇನ್ನೊಂದು ಡಬ್ಬಿ ಚೀಲದಲ್ಲೇ ಇತ್ತು.

ನವೆಂಬರ್ 30

ಬರೆಯಲೂ ಸುಸ್ತು. ಪಕ್ಕದ ಬೀದಿಯ ಮದುವೆ. ಹೆಣ್ಣನ್ನು ಕಳಿಸಿಕೊಡುವ ಹಾಡು ಎತ್ತಿಕೊಂಡೆ. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಮದುಮಗಳು ಮುಸುಕಿನೊಳಗಿಂದಲೇ ತಿರುಗಿ ನೋಡಿದಳು. ಉಳಿದದ್ದನ್ನು ಸೇರಿದ್ದ ಹೆಂಗಸರೇ ಹಾಡಿ ಮುಗಿಸಿದರು. ಓಪಾ ಬೆನ್ನು ಸವರಿ, ವಿಟಮಿನ್ ಮಾತ್ರ ಬಿಡಬೇಡ ಅಂದರು.

ಡಿಸೆಂಬರ್ 12

ರಕ್ತಪರೀಕ್ಷೆ. ಮೊದಲಿಗಿಂತ ಕೆಟ್ಟಿದೆ. ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಅಂತ ಡಾಕ್ಟರ್ ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಪೆನ್ ಕೆಳಗಿಟ್ಟರು. ಹಾಲು, ಕ್ಯಾಲ್ಸಿಯಂ, ಕಬ್ಬಿಣ — ಇವು ಆ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದು ನಿಲ್ಲಿಸುತ್ತವಂತೆ, ಮೈಗೆ ಸೇರಗೊಡುವುದಿಲ್ಲವಂತೆ. ಖಾಲಿ ಹೊಟ್ಟೆ, ಬರೀ ನೀರು. ವಿಟಮಿನ್ ಏನಿದ್ದರೂ ಮಧ್ಯಾಹ್ನದ ಮೇಲೆ.

ಪಾಪ, ಓಪಾಗೂ ಗೊತ್ತಿರಲಿಲ್ಲ. ಹೋಗಿ ಹೇಳಬೇಕು.

ಡಿಸೆಂಬರ್ 13

ಓಪಾ ಮನೆಯಲ್ಲಿರಲಿಲ್ಲ. ಅವರ ತಾಯಿ ಹೋಸಿಯತ್ ಅಜ್ಜಿ ಕೆಂಡದ ಕಡೆ ಕಾಲು ಚಾಚಿ ಕೂತಿದ್ದರು. ಅಜ್ಜಿಗೂ ನನ್ನದೇ ಕಾಯಿಲೆ, ಅದೇ ಮಾತ್ರೆ! ಗೊತ್ತೇ ಇರಲಿಲ್ಲ. ಈ ವಯಸ್ಸಿಗೂ ಕೆನ್ನೆ ಕೆಂಪು ಕೆಂಪು. ಡಾಕ್ಟರ್ ಅಂದದ್ದನ್ನು ಹೇಳಿದರೆ ಅಜ್ಜಿಗೆ ನಗು.

“ಅದೇನು ಹೊಸದಾ ಮಗಳೇ? ಮಾತ್ರೆ ನುಂಗಿದ ಮೇಲೆ ನಮ್ಮ ಮಲೋಹತ್ ಒಂದು ತೊಟ್ಟು ಹಾಲು ಮುಟ್ಟೋಕೆ ಬಿಡಲ್ಲ. ವಿಟಮಿನ್ ಅಂತೂ ಊಟ ಆದ್ಮೇಲೇನೇ. ಇಲ್ದಿದ್ರೆ ಮಾತ್ರೆ ದಂಡ ಅಂತಾಳೆ. ಎಷ್ಟೋ ವರ್ಷದಿಂದ ಹೀಗೇ.”

ಮನೆಗೆ ಹೇಗೆ ಬಂದೆನೋ. ಗೊತ್ತಿತ್ತು. ಅವಳಿಗೆ ಗೊತ್ತಿತ್ತು. ನನ್ನ ದನಿ ಒಡೆದಾಗ ಪಕ್ಕದಲ್ಲೇ ನಿಂತಿದ್ದಳು. ಬೆನ್ನು ಸವರಿದಳು. ಆ ಕೈ ನೆನೆದರೆ ಮೈ ಉರಿಯುತ್ತದೆ.

ಡಿಸೆಂಬರ್ 16

ಬಂದಳು. ಹೊಸ ಡಬ್ಬಿ ತಂದಿದ್ದಳು. ಅಜ್ಜಿ ಹೇಳಿದ್ದನ್ನು ಹೇಳಿದೆ. ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಳು.

“ನೀನು ಕೇಳ್ಲಿಲ್ಲ, ಓಯ್ದಿನ್.”

“ಹಾಡೋಕಾಗ್ತಿಲ್ಲ ಅಂತ ನಿಮ್ಮ ಮುಂದೇನೇ ಅತ್ನಲ್ಲ ಓಪಾ. ಅದು ಕೇಳಿದ್ದಲ್ವಾ?”

ಮುಚ್ಚಳ ಬಿಗಿದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

“ಗುಣ ಆದೋರು ಯಾರೂ ನನ್ನ ಬಾಗಿಲಿಗೆ ಬರಲ್ಲ, ಹುಡುಗಿ.”

ಚಹಾದ ಕೆಟಲ್ ಎತ್ತಿದೆ. ಅವಳ ಪಿಯಾಲಕ್ಕೆ ಹುಯ್ದೆ. ಅರ್ಧಕ್ಕೆ ನಿಲ್ಲಿಸಲಿಲ್ಲ. ಅಂಚಿನವರೆಗೂ ಹುಯ್ದೆ. ಪಿಯಾಲವನ್ನು ನೋಡಿದಳು, ನನ್ನನ್ನು ನೋಡಿದಳು. ಮುಟ್ಟದೆ ಎದ್ದು ಹೋದಳು.

ಡಿಸೆಂಬರ್ 17, ಬೆಳಿಗ್ಗೆ

ಮಾತ್ರೆ. ಬರೀ ನೀರು. ಶೀರ್‌ಚಾಯ್‌ಗೆ ಇನ್ನೂ ಹೊತ್ತಿದೆ.

ಪಿಯಾಲ ಅಲ್ಲೇ ಇದೆ, ತುಂಬಿದ ಹಾಗೇ. ಮೇಲೆ ಪೊರೆ ಕಟ್ಟಿದೆ. ಚೆಲ್ಲಿ ತೊಳೆಯಬೇಕು. ಕೈ ಬರುತ್ತಿಲ್ಲ. ಅಂಗಳದ ಬಾಗಿಲು ಸದ್ದಾದರೆ ಸಾಕು, ಈಗಲೂ — ಓಪಾ ಬಂದರು ಅಂತ ಎದ್ದು ನಿಲ್ಲುತ್ತೇನೆ.